ಅಪ್‌ಡೇಟ್: ಹಾಲಿನ ಟ್ಯಾಂಕ್‌ನ ವೆಲ್ಡಿಂಗ್ ತುಕ್ಕಿಗೆ ಸಿಟ್ರಿಕ್ ಆಸಿಡ್ ಸಾಕಾಯಿತು, ಆದರೆ ಒಂದು ಮಾತಿದೆ

ಮಂಡ್ಯದ ನಮ್ಮ ಶೆಡ್‌ನಲ್ಲಿ ಮಾಡಿದ 304 ಸ್ಟೀಲ್ (ಒಂದು ಬಗೆಯ ಸ್ಟೇನ್‌ಲೆಸ್ ಸ್ಟೀಲ್) ಹಾಲಿನ ಟ್ಯಾಂಕ್‌ಗೆ ವೆಲ್ಡಿಂಗ್ ಗೆರೆಯುದ್ದಕ್ಕೂ ತುಕ್ಕು ಬರುತ್ತಿದೆ, ಪಿಕ್ಲಿಂಗ್ ಪೇಸ್ಟ್ (ವೆಲ್ಡಿಂಗ್ ಕಲೆ ತೆಗೆಯಲು ಹಚ್ಚುವ ಆಸಿಡ್ ಪೇಸ್ಟ್) ಬಿಟ್ಟು ಬೇರೆ ದಾರಿ ಇದೆಯಾ ಅಂತ ಕೇಳಿದ್ದೆ. ಆ ಪೇಸ್ಟ್‌ನಲ್ಲಿ ನೈಟ್ರಿಕ್ ಜೊತೆ ಹೈಡ್ರೋಫ್ಲೋರಿಕ್ ಆಸಿಡ್ ಇರುತ್ತದೆ. ಅದು ಚರ್ಮದೊಳಗೆ ಇಳಿದು ಮೂಳೆಯನ್ನೂ ಹಾಳು ಮಾಡಬಲ್ಲದು. ನಮ್ಮ ಹುಡುಗರ ಕೈಗೆ ಕೊಡಲು ಮನಸ್ಸೇ ಬರಲಿಲ್ಲ.

ನೀವು ಹೇಳಿದ ಸಿಟ್ರಿಕ್ ಆಸಿಡ್ ಹಿಡಿದೆ. ಮೊದಲ ಸಲ ಆಗಲಿಲ್ಲ. ವೆಲ್ಡಿಂಗ್ ಪಕ್ಕದ ನೀಲಿ-ಕಂದು ಕಲೆ ಹಾಗೇ ಉಳಿಯಿತು. ಸಿಟ್ರಿಕ್ ಆಸಿಡ್ ಸ್ಟೀಲ್ ಮೇಲೆ ಅಂಟಿದ ಕಬ್ಬಿಣದ ಕಣ ತೆಗೆಯುತ್ತದೆ, ಆ ಕಲೆಯನ್ನಲ್ಲ. ಕಲೆಯ ಅಡಿಯಲ್ಲಿ ತುಕ್ಕು ತಡೆಯುವ ಕ್ರೋಮಿಯಂ ಕಡಿಮೆಯಾಗಿರುತ್ತದೆ, ಆ ಪದರವೇ ಹೋಗಬೇಕು.

ಹಾಗಾಗಿ ಹೊಸ ಫ್ಲ್ಯಾಪ್ ಡಿಸ್ಕ್‌ನಿಂದ (ಗ್ರೈಂಡರ್‌ಗೆ ಹಾಕುವ ಉಜ್ಜುವ ಚಕ್ರ) ಹೊಳಪು ಬರುವವರೆಗೆ ಉಜ್ಜಿದೆವು. ಸೋಪು ನೀರಿನಲ್ಲಿ ಜಿಡ್ಡು ತೊಳೆದೆವು. ಆಮೇಲೆ 9 ಲೀಟರ್ ಬಿಸಿ ನೀರಿಗೆ 1 ಕೆಜಿ ಸಿಟ್ರಿಕ್. ಬಟ್ಟೆ ಅದ್ದಿ ಗೆರೆಯ ಮೇಲೆ ಅರ್ಧ ಗಂಟೆ ಹಾಸಿದೆವು, ಒಣಗಲು ಬಿಡದೆ ಮತ್ತೆ ಮತ್ತೆ ನೆನೆಸಿದೆವು. ಚೆನ್ನಾಗಿ ತೊಳೆದು ಒರೆಸಿ, ಮತ್ತೆ ತುಕ್ಕು ಬರುತ್ತದಾ ನೋಡಲು 24 ಗಂಟೆ ನೀರಿನ ಒದ್ದೆ ಬಟ್ಟೆ ಹೊದಿಸಿಟ್ಟೆವು. ಮರುದಿನ ಬಟ್ಟೆ ಎತ್ತಿದರೆ ಒಂದು ಕಿತ್ತಳೆ ಚುಕ್ಕೆಯೂ ಇಲ್ಲ!

ಇನ್ನೊಂದು ತಪ್ಪೂ ಸಿಕ್ಕಿತು. ಗೇಟ್ ಕೆಲಸದ ಕಬ್ಬಿಣದ ವೈರ್ ಬ್ರಷ್‌ನಲ್ಲೇ ಈ ಟ್ಯಾಂಕನ್ನೂ ಉಜ್ಜುತ್ತಿದ್ದೆವು, ಅದರ ಕಬ್ಬಿಣ ಸ್ಟೀಲ್‌ಗೆ ಅಂಟಿ ತುಕ್ಕು ಹಿಡಿಯುತ್ತದೆ. ಈಗ ಸ್ಟೇನ್‌ಲೆಸ್ ಬ್ರಷ್ ಬೇರೆ ಇಟ್ಟಿದ್ದೇವೆ. ಸಿಟ್ರಿಕ್ ಅಂತ ಸುಮ್ನೆ ಬರಿಗೈ ಹಾಕಬೇಡಿ, ಕಣ್ಣಿಗೆ ಉರಿ. ಗ್ಲೌಸ್, ಕನ್ನಡಕ ಇರಲಿ. ಉತ್ತರ ಕೊಟ್ಟ ಎಲ್ಲರಿಗೂ ಧನ್ಯವಾದ.