ಪುಟ್ಟ ಮಕ್ಕಳಿರುವ ಮನೆಯಲ್ಲಿ ಕಸೂತಿ ಮುಂದುವರಿಸುವುದು ಹೇಗೆ?

ಪ್ರಶ್ನೆ: ಹುಬ್ಬಳ್ಳಿಯ ಒಬ್ಬ ತಾಯಿ

ಎಲ್ಲರಿಗೂ ನಮಸ್ಕಾರ. ನನಗೆ ನಾಲ್ಕು ವರ್ಷದ ಮಗಳೂ ಒಂಬತ್ತು ತಿಂಗಳ ಮಗನೂ ಇದ್ದಾರೆ. ಅಜ್ಜಿಯಿಂದ ಕಲಿತ ಕಸೂತಿಯನ್ನು ಎರಡನೆಯ ಹೆರಿಗೆಯ ತನಕ ಬಿಟ್ಟಿರಲಿಲ್ಲ. ಈಗ ಒಂದು ಇಳಕಲ್ ಸೀರೆಯ ಸೆರಗು ಅರ್ಧಕ್ಕೇ ನಿಂತು ತಿಂಗಳುಗಳೇ ಕಳೆದಿವೆ. ಮಗ ಅಂಬೆಗಾಲಿಡುತ್ತ ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕಿಕೊಳ್ಳುತ್ತಾನೆ, ಸೂಜಿ ತೆಗೆಯಲಿಕ್ಕೇ ಅಂಜಿಕೆಯಾಗುತ್ತದೆ. ಅತ್ತೆಯವರು ಮಧ್ಯಾಹ್ನ ಸ್ವಲ್ಪ ಹೊತ್ತು ಮಕ್ಕಳನ್ನು ನೋಡಿಕೊಳ್ಳುತ್ತಾರೆ. ಪರಿಚಯದವರು ಎರಡು ಸೀರೆಗಳಿಗೆ ಕೆಲಸ ಕೇಳಿದ್ದಾರೆ. ಒಪ್ಪಿಕೊಳ್ಳಲೇ, ಅಥವಾ ಮಕ್ಕಳು ದೊಡ್ಡವರಾಗುವ ತನಕ ಬೇರೆ ಯಾವುದಾದರೂ ಕಲೆಯನ್ನು ಹಿಡಿಯಲೇ? ಅನುಭವವಿದ್ದವರು ದಯವಿಟ್ಟು ತಿಳಿಸಿ.

ಉತ್ತರ: ಧಾರವಾಡದಿಂದ, ಕಸೂತಿ ಮಾಡುವವರು

ತಂಗಿ, ಕಸೂತಿಯನ್ನು ಬಿಡಬೇಡಿ, ಆದರೆ ಆ ಸೆರಗನ್ನು ಸದ್ಯಕ್ಕೆ ಮಡಿಸಿ ಪೆಟ್ಟಿಗೆಯಲ್ಲಿಡಿ. ನನ್ನ ಮಕ್ಕಳಿಗೆ ಈಗ ಹನ್ನೊಂದು ಮತ್ತು ಏಳು ವರ್ಷ. ನೀವಿರುವ ಸ್ಥಿತಿಯಲ್ಲಿ ನಾನು ಮೂರು ವರ್ಷ ಇದ್ದೆ. ನಮ್ಮ ಕೆಲಸ ನಿಲ್ಲುವುದು ಹೊತ್ತು ಸಾಲದೆ ಅಲ್ಲ, ನಡುವೆ ಏಳಬೇಕಾಗುವುದರಿಂದ ಎಂಬುದು ನನಗೆ ತಿಳಿಯಲು ಬಹಳ ಕಾಲ ಹಿಡಿಯಿತು.

ಕಸೂತಿಯ ಗವಂತಿ ಹೊಲಿಗೆಯನ್ನೇ ನೋಡಿ. ಬಟ್ಟೆಯ ಎಳೆಗಳನ್ನು ಎಣಿಸುತ್ತ ಒಂದು ಬಿಟ್ಟು ಒಂದು ಹೊಲಿಗೆ ಹಾಕಿಕೊಂಡು ಹೋಗಿ, ಮರಳುವಾಗ ಬಿಟ್ಟ ಜಾಗಗಳನ್ನು ತುಂಬುತ್ತ ಬರುತ್ತೇವೆ. ಗಂಟು ಹಾಕುವಂತಿಲ್ಲ, ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳುವಂತಿಲ್ಲ, ಹಿಂಬದಿಯೂ ಮುಂಬದಿಯಂತೆಯೇ ಕಾಣಬೇಕು. ದಾರಿ ಕವಲೊಡೆಯುವಲ್ಲಿ ಯಾವ ಕವಲಿಗೆ ಮೊದಲು ಹೋಗಿ ಬರಬೇಕೆಂಬ ಲೆಕ್ಕ ಬಟ್ಟೆಯ ಮೇಲೆ ಇರುವುದಿಲ್ಲ, ಹೊಲಿಗೆ ಹಾಕುವವಳ ತಲೆಯಲ್ಲಿ ಇರುತ್ತದೆ. ಮಗು ಅತ್ತಾಗ ಆ ಲೆಕ್ಕವನ್ನು ಅಲ್ಲಿಯೇ ಬಿಟ್ಟು ಏಳುತ್ತೇವೆ. ಹಿರಿಯವಳಿಗೆ ಎರಡು ವರ್ಷವಿದ್ದಾಗ ನಾನು ಕಸೂತಿಯಲ್ಲಿ ಒಂದು ತೇರಿನ ಚಿತ್ರ ತೆಗೆಯುತ್ತಿದ್ದೆ. ಗಾಲಿಯ ಹತ್ತಿರ ಎದ್ದು ಹೋದವಳು ರಾತ್ರಿ ಮತ್ತೆ ಕುಳಿತು ಎಣಿಸಿದಾಗ ಒಂದು ಎಳೆ ತಪ್ಪಿತ್ತು, ಅದು ನನಗೆ ಗೊತ್ತಾದದ್ದು ಕಳಸಕ್ಕೆ ಬಂದಾಗ. ಮೇಲಿನ ತುದಿ ಒಂದೇ ಒಂದು ಎಳೆಯಷ್ಟು ಬಲಕ್ಕೆ ಸರಿದಿತ್ತು, ಅಷ್ಟಕ್ಕಾಗಿ ನಾಲ್ಕು ದಿನದ ಕೆಲಸವನ್ನೆಲ್ಲ ಬಿಚ್ಚಿದೆ. ಆ ಮೇಲೆ ಕಿರಿಯವನು ಅಂಗನವಾಡಿಗೆ ಹೋಗುವ ತನಕ ತೇರು, ಗೋಪುರ, ಅಂಬಾರಿ ಆನೆ ಇವುಗಳ ಗೊಡವೆಗೆ ಹೋಗಲಿಲ್ಲ.

ಬದಲಿಗೆ ರುದ್ರಾಕ್ಷಿ, ನಕ್ಷತ್ರ, ಚಿಕ್ಕ ಕಮಲ, ಇಂಥವನ್ನು ಹಿಡಿದೆ. ಹೋಗುವ ದಾರಿಯೂ ಮರಳುವ ದಾರಿಯೂ ಇಪ್ಪತ್ತು ನಿಮಿಷದೊಳಗೆ ಮುಗಿಯುವಂಥ ಬುಟ್ಟಾಗಳನ್ನು ಮಾತ್ರ ಆರಿಸಿಕೊಂಡರೆ, ಮಗು ಎದ್ದರೂ ಕೆಡುವುದೆಂದರೆ ಒಂದು ನಕ್ಷತ್ರ, ಇಡೀ ಸೆರಗಲ್ಲ. ಉಳಿದ ಹೊಲಿಗೆಗಳನ್ನೂ ಇದೇ ಕಣ್ಣಿನಿಂದ ನೋಡಿ. ಮೆಂತೆಯಲ್ಲಿ ಒಂದೊಂದು ಅಡ್ಡಹೊಲಿಗೆಯೂ ತನ್ನಲ್ಲೇ ಪೂರ್ತಿಯಾಗುವುದರಿಂದ ಎಲ್ಲಿ ಬೇಕಾದರೂ ಏಳಬಹುದು. ಆದರೆ ದಾರ ಹೆಚ್ಚು ಹಿಡಿಯುತ್ತದೆ, ಹಿಂಬದಿ ಮುಂಬದಿಯಂತೆ ಬರುವುದಿಲ್ಲ. ನೇಯ್ಗಿಯಲ್ಲಿ ಸಾಲು ಮುಗಿದಲ್ಲಿ ನಿಲ್ಲಬಹುದು. ಮುರ್ಗಿಯ ಮೆಟ್ಟಿಲುಗಳಿಗೆ ಮಾತ್ರ ಗವಂತಿಯಂತೆಯೇ ಹೋಗಿಬರುವ ದಾರಿ ಇರುವುದರಿಂದ ಅಲ್ಲೂ ಚಿಕ್ಕದನ್ನೇ ಹಿಡಿಯಿರಿ. ಹೊಸ ವಿನ್ಯಾಸವನ್ನು ಗ್ರಾಫ್ ಹಾಳೆಯ ಮೇಲೆ ಬರೆದುಕೊಂಡು, ಎದ್ದಲ್ಲಿ ಕೆಂಪು ಪೆನ್ಸಿಲಿನಿಂದ ಗುರುತು ಹಾಕುವ ರೂಢಿಯನ್ನು ನಾನು ಆಗ ಮಾಡಿಕೊಂಡೆ, ಈಗಲೂ ಬಿಟ್ಟಿಲ್ಲ. ನಿದ್ದೆಗೆಟ್ಟ ಕಣ್ಣಿಗೆ ಇಳಕಲ್ ಸೀರೆಯ ಸಣ್ಣ ಎಳೆಗಳನ್ನು ರಾತ್ರಿ ಎಣಿಸುವುದು ಆಗದ ಕೆಲಸ, ಆದ್ದರಿಂದ ಈ ವರ್ಷದ ಮಟ್ಟಿಗೆ ಚೌಕಗಳು ಎದ್ದು ಕಾಣುವ ಮ್ಯಾಟಿ ಬಟ್ಟೆಯ ಮೇಲೆ ದಿಂಬಿನ ಹೊದಿಕೆ, ಬಾಗಿಲ ತೋರಣ, ಕೈಚೀಲ ಇವುಗಳನ್ನು ಮಾಡಿ.

ಸೂಜಿಯ ವಿಷಯದಲ್ಲಿ ನಿಮ್ಮ ಅಂಜಿಕೆ ಸರಿಯಾದದ್ದು. ನಮ್ಮ ತಾಯಂದಿರು ಸೂಜಿಯನ್ನು ರವಿಕೆಗೋ ಗೋಡೆಯ ಕ್ಯಾಲೆಂಡರಿಗೋ ಚುಚ್ಚಿಡುತ್ತಿದ್ದರು, ನನಗೂ ಅದೇ ರೂಢಿಯಿತ್ತು. ಒಂದು ದಿನ ಮಗನ ಕೌದಿಯನ್ನು ಮಡಿಸುವಾಗ ಅಂಗೈಗೆ ಏನೋ ಚುಚ್ಚಿತು. ಕೆಂಪು ದಾರ ಇನ್ನೂ ಪೋಣಿಸಿಯೇ ಇದ್ದ ಸೂಜಿ ಕೌದಿಯ ಎರಡು ಪದರಗಳ ನಡುವೆ ಇತ್ತು, ಅದರ ಮೇಲೆ ಅವನು ಆಗತಾನೆ ಮಲಗಿ ಎದ್ದಿದ್ದ. ಆ ದಿನದಿಂದ ನನ್ನ ಹತ್ತಿರ ಮೂರೇ ಸೂಜಿಗಳು, ಬಿಗಿ ಮುಚ್ಚಳದ ಒಂದು ಸ್ಟೀಲ್ ಡಬ್ಬಿ, ನೆಲ ತಡಕಲಿಕ್ಕೆ ಒಂದು ಅಯಸ್ಕಾಂತ. ಕೂಡುವಾಗ ಮೂರು ಎಣಿಸುತ್ತೇನೆ, ಏಳುವಾಗ ಮೂರು ಎಣಿಸುತ್ತೇನೆ, ಮಗು ಎಷ್ಟೇ ಅಳುತ್ತಿದ್ದರೂ ಎಣಿಸದೆ ಏಳುವುದಿಲ್ಲ. ಚಾಪೆಯ ಮೇಲೆ ಕೂಡದೆ ಎತ್ತರದ ಮೇಜಿನ ಮುಂದೆ ಕುಳಿತುಕೊಳ್ಳಿ, ಅಯಸ್ಕಾಂತವನ್ನು ಕಪಾಟಿನ ಮೇಲಿನ ಅರೆಯಲ್ಲಿಡಿ. ಮಗಳಿಗೆ ಒಂದು ತುಂಡು ಗೋಣಿತಟ್ಟು, ಪ್ಲಾಸ್ಟಿಕ್ ಸೂಜಿ, ಉಣ್ಣೆಯ ದಾರ ಕೊಟ್ಟು ಪಕ್ಕದಲ್ಲಿ ಕೂಡಿಸಿಕೊಳ್ಳಿ, ಆದರೆ ದಾರ ಗಿಡ್ಡವಿರಲಿ, ಅವಳು ಎದ್ದ ಕೂಡಲೇ ಅದನ್ನೂ ಎತ್ತಿಡಿ.

ಎರಡು ಸೀರೆಗಳಲ್ಲಿ ಒಂದನ್ನು ಒಪ್ಪಿಕೊಳ್ಳಬಹುದು, ಅದೂ ಮದುವೆಯದಲ್ಲದಿದ್ದರೆ ಮಾತ್ರ. ಮುಹೂರ್ತ ಯಾರ ಮಗುವಿನ ಜ್ವರಕ್ಕೂ ಕಾಯುವುದಿಲ್ಲ. ಒಂದು ಬುಟ್ಟಾಕ್ಕೆ ಎಷ್ಟು ನಿಮಿಷ ಹಿಡಿಯಿತೆಂದು ಒಂದು ವಾರ ವಹಿಯಲ್ಲಿ ಬರೆದಿಟ್ಟು, ಅದರ ಮೇಲೆ ದರವನ್ನೂ ದಿನಗಳನ್ನೂ ಲೆಕ್ಕ ಹಾಕಿ, ಬಂದ ದಿನಗಳ ಎರಡರಷ್ಟನ್ನು ಕೇಳಿ. ನಾನು ಹದಿನೈದು ದಿನವೆಂದು ಹೇಳಿ ನಲವತ್ತು ದಿನ ತೆಗೆದುಕೊಂಡು ಒಬ್ಬ ಒಳ್ಳೆಯ ಗಿರಾಕಿಯನ್ನು ಕಳೆದುಕೊಂಡಿದ್ದೇನೆ.

ಉತ್ತರ: ಸಾಗರದ ಕಡೆಯಿಂದ, ಚಿತ್ತಾರ ಬರೆಯುವವರು

ಬೇರೆ ಕಲೆಯನ್ನು ಹಿಡಿಯಬೇಕೇ ಎಂದು ಕೇಳಿದ್ದೀರಿ. ಕಸೂತಿಯನ್ನು ಬಿಡದೆಯೇ ಮಗಳ ಜೊತೆ ಮಾಡಲಿಕ್ಕೆ ಒಂದು ಬೇಕಿದ್ದರೆ ಗೋಡೆ, ಬುಟ್ಟಿಗಳ ಮೇಲೆ ನಮ್ಮ ದೀವರ ಸಮುದಾಯದವರು ಬರೆಯುವ ಚಿತ್ತಾರವನ್ನು ನೋಡಿ. ನೆನೆಸಿ ಅರೆದ ಅಕ್ಕಿಯ ಹಿಟ್ಟಿನಿಂದ ಬಿಳಿ, ಸುಟ್ಟು ಕರಿಯಾದ ಅಕ್ಕಿಯಿಂದ ಕಪ್ಪು, ಕೆಮ್ಮಣ್ಣಿನಿಂದ ಕೆಂಪು, ಗುರಿಗೆ ಬೀಜದಿಂದ ಹಳದಿ, ಕುಂಚಕ್ಕೆ ಪುಂಡಿನಾರು. ಅಂಗಡಿಯ ಬಣ್ಣದ ಅಗತ್ಯವಿಲ್ಲ. ಹಾಗೆಂದು ತಿನ್ನಲು ಬಿಡಬಹುದೆಂದಲ್ಲ, ಮಕ್ಕಳ ಕೈಗೆ ನಾನು ಕೊಡುವುದು ಅಕ್ಕಿಹಿಟ್ಟಿನ ಬಿಳಿಯನ್ನು ಮಾತ್ರ.

ಆಶ್ವಯುಜದ ಹುಣ್ಣಿಮೆ ನಮಗೆ ಭೂಮಿ ಹುಣ್ಣಿಮೆ. ತೆನೆಗಟ್ಟುವ ಭೂಮಿಯನ್ನು ಬಸುರಿಯೆಂದು ತಿಳಿದು ಬಯಕೆಯ ಊಟವನ್ನು ಗದ್ದೆಗೆ ಒಯ್ಯುವ ಬುಟ್ಟಿಗೆ ಸೆಗಣಿ ಬಳಿದು, ಅದರ ಮೇಲೆ ಕೆಮ್ಮಣ್ಣು ಬಳಿದು, ಬಿಳಿಯ ಎಳೆಗಳನ್ನು ಬರೆಯುತ್ತೇವೆ. ಬುಟ್ಟಿ ಒಣಗಬೇಕು, ಮತ್ತೆ ಬಳಿಯಬೇಕು, ಮತ್ತೆ ಒಣಗಬೇಕು. ಈ ಕಾಯುವ ಹೊತ್ತು ಮಕ್ಕಳಿರುವವರಿಗೆ ಬಹಳ ಅನುಕೂಲ, ಏಕೆಂದರೆ ನಾವು ಎದ್ದು ಹೋದರೂ ಕೆಲಸ ತನ್ನಷ್ಟಕ್ಕೆ ನಡೆದಿರುತ್ತದೆ. ನನ್ನ ಮಗಳು ಐದನೆಯ ವರ್ಷದಲ್ಲಿ ಬುಟ್ಟಿಯ ತಳಕ್ಕೆ ಎಳೆದ ಗೆರೆಗಳನ್ನು ನಾನು ಒರೆಸಲಿಲ್ಲ, ತಳ ಯಾರಿಗೂ ಕಾಣುವುದಿಲ್ಲವಾದರೂ ಅವಳು ಪ್ರತಿ ವರ್ಷ ತನ್ನ ಜಾಗ ಅದೆಂದು ಕೇಳಿ ಪಡೆಯುತ್ತಾಳೆ.

ಉತ್ತರ: ಮೈಸೂರಿನಿಂದ, ಸಾಂಪ್ರದಾಯಿಕ ಚಿತ್ರ ಬರೆಯುವ ಒಬ್ಬ ತಂದೆ

ನನ್ನ ಹೆಂಡತಿ ಕೆಲಸಕ್ಕೆ ಹೋಗುವುದರಿಂದ ಮೂರು ವರ್ಷದ ಮಗನನ್ನು ಹಗಲು ನಾನೇ ನೋಡಿಕೊಳ್ಳುತ್ತೇನೆ. ಬೇರೆ ಕಲೆ ಎಂದಾಗ ಮೈಸೂರು ಶೈಲಿಯ ಚಿತ್ರವನ್ನು ಯಾರಾದರೂ ಸೂಚಿಸಬಹುದೆಂದು ಇದನ್ನು ಬರೆಯುತ್ತಿದ್ದೇನೆ. ಚಿತ್ರದಲ್ಲಿನ ಆಭರಣಗಳನ್ನು ಉಬ್ಬಿಸಲು ಬಳಸುವ ಮಕ್ಕಿ ಸಫೇದ ಎಂಬ ಲೇಪದಲ್ಲಿ ಹಳೆಯ ಕ್ರಮದಂತೆ ಸೀಸದ ಬಿಳಿ ಇರುತ್ತದೆ. ಸೀಸ ಮಕ್ಕಳ ಮಿದುಳಿಗೆ ಕೆಡುಕು, ಇಷ್ಟರ ತನಕ ಪರವಾಗಿಲ್ಲ ಎನ್ನುವ ಅಳತೆಯೇ ಅದಕ್ಕಿಲ್ಲ. ಮಕ್ಕಿ ಎಂಬ ಹಳದಿ ಅಂಟು ಕೂಡ ಹೊಟ್ಟೆಗೆ ಹೋದರೆ ತೀವ್ರ ಭೇದಿ ಮಾಡುತ್ತದೆ. ನಾನು ಸೀಸವನ್ನು ಪೂರ್ತಿ ಬಿಟ್ಟು ಸತುವಿನ ಬಿಳಿಗೆ ಬಂದಿದ್ದೇನೆ, ಆದರೂ ಆ ಕೆಲಸವನ್ನು ಮಗ ಮಲಗಿದ ಮೇಲೆ ಬಾಗಿಲು ಹಾಕಿಕೊಂಡೇ ಮಾಡುತ್ತೇನೆ. ಚಿನ್ನದ ರೇಕು ಉಸಿರಿಗೂ ಹಾರುವುದರಿಂದ ಅದಕ್ಕೂ ರಾತ್ರಿಯೇ ಆಗಬೇಕು. ಹಗಲಿಗೆ ಪೆನ್ಸಿಲಿನ ರೇಖಾಚಿತ್ರಗಳನ್ನು ಉಳಿಸಿಕೊಂಡಿದ್ದೇನೆ. ಈಗ ಬಹಳ ಜನ ಕಲಿಯುತ್ತಿರುವ ರೆಸಿನ್ ಕೆಲಸವನ್ನಂತೂ ಕೂಸಿರುವ ಮನೆಯಲ್ಲಿ ಮಾಡಲೇಬೇಡಿ. ಗಟ್ಟಿಯಾಗುವ ಮುಂಚೆ ಅದು ಚರ್ಮಕ್ಕೂ ಉಸಿರಿಗೂ ಒಳ್ಳೆಯದಲ್ಲ.

ಉತ್ತರ: ಗದಗಿನ ಒಬ್ಬ ಅಜ್ಜಿ, ಮೊಮ್ಮಗಳ ಕೈಯಲ್ಲಿ ಬರೆಸಿದ್ದು

ಮಗಳೇ, ನಾವು ಕಸೂತಿ ಹಾಕುವಾಗ ಒಬ್ಬೊಬ್ಬರೇ ಕುಳಿತದ್ದು ನನಗೆ ನೆನಪಿಲ್ಲ. ಊಟವಾದ ಮೇಲೆ ಓಣಿಯ ನಾಲ್ಕೈದು ಹೆಣ್ಣುಮಕ್ಕಳು ಒಂದು ಮನೆಯ ಪಡಸಾಲೆಯಲ್ಲಿ ಕೂಡುತ್ತಿದ್ದೆವು, ಒಬ್ಬಾಕೆ ಅಂದು ಸೂಜಿ ಮುಟ್ಟದೆ ಎಲ್ಲರ ಕೂಸುಗಳನ್ನೂ ನೋಡಿಕೊಳ್ಳುತ್ತಿದ್ದಳು, ಮರುದಿನ ಆ ಪಾಳಿ ಮತ್ತೊಬ್ಬಾಕೆಗೆ ಬರುತ್ತಿತ್ತು. ಕಪ್ಪು ಚಂದ್ರಕಾಳಿ ಸೀರೆಯ ಮೇಲೆ ನಾನು ತೆಗೆದ ಗೋಪುರವೆಲ್ಲ ಆ ಪಾಳಿಯಿಂದಲೇ ಮುಗಿದದ್ದು. ನಿಮ್ಮ ಓಣಿಯಲ್ಲಿ ಇನ್ನಿಬ್ಬರು ಸಿಕ್ಕರೂ ಸಾಕು, ಅವರು ಕಸೂತಿಯನ್ನೇ ಹಾಕಬೇಕೆಂದಿಲ್ಲ, ಕೌದಿ ಹೊಲಿಯುವವರಾದರೂ ಆದೀತು. ಅತ್ತೆಯವರಿಗೆ ಕಣ್ಣು ಕಾಣುತ್ತಿದ್ದರೆ ಅವರನ್ನೂ ಕೂಡಿಸಿಕೊಳ್ಳಿ; ಕೂಸು ನೋಡುವ ಕೆಲಸ ಯಾವಾಗಲೂ ಅವರದೇ ಆಗಬಾರದು. ಮತ್ತೆ, ನಮ್ಮ ಕಸೂತಿಯಲ್ಲಿ ತೊಟ್ಟಿಲು ಎಂಬ ಬುಟ್ಟಾ ಇದೆ. ನಿಮ್ಮ ಅಜ್ಜಿ ಕಲಿಸಿರದಿದ್ದರೆ ಹೇಳಿ, ಎಳೆಗಳ ಲೆಕ್ಕವನ್ನು ಮೊಮ್ಮಗಳ ಕೈಯಲ್ಲಿ ಬರೆಸಿ ಕಳಿಸುತ್ತೇನೆ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಮನಃಪೂರ್ವಕ ವಂದನೆಗಳು. ಸೆರಗನ್ನು ನಿನ್ನೆ ಮಡಿಸಿಟ್ಟೆ, ಎರಡನೆಯ ಸೀರೆ ಮದುವೆಯದೇ ಆದ್ದರಿಂದ ಒಲ್ಲೆನೆಂದು ಹೇಳಿದೆ. ಮನೆಯಲ್ಲಿ ಹುಡುಕಿದಾಗ ಕ್ಯಾಲೆಂಡರಿನಲ್ಲಿ ಎರಡು, ದಿಂಬಿನಲ್ಲಿ ಒಂದು ಸೂಜಿ ಸಿಕ್ಕವು. ಅತ್ತೆಯವರಿಗೆ ನೇಯ್ಗಿ ಬರುತ್ತದೆಂಬುದು ನಾನು ಕೇಳಿದ ಮೇಲೆಯೇ ತಿಳಿಯಿತು. ಇಷ್ಟು ವರ್ಷ ಅವರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ನಾಳೆಯಿಂದ ದಿನ ಬಿಟ್ಟು ದಿನ ಪಾಳಿ ಹಾಕಿಕೊಂಡಿದ್ದೇವೆ. ಅಜ್ಜಿ, ತೊಟ್ಟಿಲಿನ ಲೆಕ್ಕವನ್ನು ದಯವಿಟ್ಟು ಬರೆಸಿ ಕಳಿಸಿ.