ಏಪ್ರಿಲ್ ಬಿಸಿಲಿನಲ್ಲಿ ವೈನಿನ ರುಚಿಯನ್ನು ಬರೆದಿಡುವುದು ಹೇಗೆ?

ಯಲಹಂಕ ಸಂಜೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ವೈನ್ ಕುಡಿದಾಗ ಅದರ ಬಣ್ಣ, ಘಮ, ಹುಳಿ, ಒಗರುಗಳನ್ನು ಕೆಲವೇ ಸಾಲುಗಳಲ್ಲಿ ಬರೆದಿಡುವ ಅಭ್ಯಾಸ ನನಗಿದೆ. ನಾನು ವೃತ್ತಿಯಿಂದ ರುಚಿ ನೋಡುವವನಲ್ಲ. ನಮ್ಮ ಸೀಮೆಯ ದ್ರಾಕ್ಷಿಯಿಂದ ಆಗುವ ವೈನುಗಳನ್ನು ನಮಗೆ ಪರಿಚಿತವಾದ ಹಣ್ಣು, ಸೊಪ್ಪು, ಮಸಾಲೆಗಳ ಮೂಲಕವೇ ಗುರುತಿಸಿಡಬೇಕೆಂಬ ಆಸೆ ಮಾತ್ರ ಇದೆ.

ನಂದಿ ಬೆಟ್ಟದ ತಪ್ಪಲಿನ ಒಂದು ಸಾವಿನ್ಯೋ ಬ್ಲಾಂ (ಬಿಳಿ ವೈನು) ಮತ್ತು ಅದೇ ಕಡೆಯ ಒಂದು ಕ್ಯಾಬರ್ನೆ–ಶಿರಾಜ್ ಮಿಶ್ರಣವನ್ನು (ಕೆಂಪು ವೈನು) ಜನವರಿಯಲ್ಲಿ ಕುಡಿದಾಗ ಹೀಗೆ ಬರೆದಿದ್ದೆ: “ಹೊರಗೆ ತಂಪು, ಕಿಟಕಿ ಮುಚ್ಚಿದೆ. ಬಿಳಿ ವೈನಿನಲ್ಲಿ ಸೀಬೆಹಣ್ಣಿನ ಘಮ, ಅದರ ಹಿಂದೆ ಹಸಿ ದೊಣ್ಣೆಮೆಣಸಿನಕಾಯಿ, ನಾಲಿಗೆಗೆ ಚಕ್ಕೋತದ ಹುಳಿ, ಕೊನೆಯಲ್ಲಿ ಸಿಪ್ಪೆಯ ಸಣ್ಣ ಕಹಿ. ಕೆಂಪು ವೈನಿನಲ್ಲಿ ನೇರಳೆ ಹಣ್ಣು, ಕಾಳುಮೆಣಸು. ಒಗರು ಸ್ವಲ್ಪ ಹೊತ್ತು ನಿಂತು ನಿಧಾನವಾಗಿ ಇಳಿಯುತ್ತದೆ.”

ಅದೇ ಪೆಟ್ಟಿಗೆಯಲ್ಲಿ ಉಳಿದಿದ್ದ ಬಾಟಲಿಗಳನ್ನು ಈ ಏಪ್ರಿಲ್‌ನಲ್ಲಿ ತೆಗೆದಾಗ ಬರೆದದ್ದು ಇದು: “ಸೆಕೆ, ಗಾಳಿಯಿಲ್ಲ. ಬಿಳಿ ವೈನಿನ ಮೊದಲ ಗುಟುಕಿನಲ್ಲಿ ಘಮವೇ ಇಲ್ಲ, ಅರ್ಧ ಲೋಟ ಮುಗಿಯುವಷ್ಟರಲ್ಲಿ ಸಪ್ಪೆ. ಕೆಂಪು ವೈನಿನಲ್ಲಿ ಮದ್ಯಸಾರದ ಘಾಟು ಮುಂದೆ, ಹಣ್ಣು ಹಿಂದೆ. ಒಗರು ಬಾಯನ್ನು ಪೂರ್ತಿ ಒಣಗಿಸುತ್ತದೆ.”

ಈ ವ್ಯತ್ಯಾಸ ಬಾಟಲಿಯದೋ, ಹವಾಮಾನದ್ದೋ, ನನ್ನ ನಾಲಿಗೆಯದೋ ತಿಳಿಯುತ್ತಿಲ್ಲ. ಜನವರಿಯ ಬರಹವನ್ನೂ ಏಪ್ರಿಲ್‌ನ ಬರಹವನ್ನೂ ಪಕ್ಕಪಕ್ಕದಲ್ಲಿಟ್ಟು ನ್ಯಾಯವಾಗಿ ಹೋಲಿಸಬೇಕಾದರೆ ಏನೇನನ್ನು ಬರೆದುಕೊಳ್ಳಬೇಕು? ಅನುಭವವುಳ್ಳವರು ದಯವಿಟ್ಟು ತಿಳಿಸಿ.

ಮೈಸೂರು ರಸಾಯನ

ನಿಮ್ಮ ಎರಡೂ ಬರಹಗಳಲ್ಲಿ ಹವಾಮಾನ ಇದೆ, ಆದರೆ ಮುಖ್ಯವಾದ ಒಂದು ಅಂಕಿ ಇಲ್ಲ: ಲೋಟದಲ್ಲಿದ್ದ ವೈನಿನ ಉಷ್ಣತೆ. ಹೊರಗಿನ ಬಿಸಿಲು ವೈನಿನ ರುಚಿಯನ್ನು ಬದಲಿಸುವುದು ಬಹುಮಟ್ಟಿಗೆ ಆ ದಾರಿಯಿಂದಲೇ.

ಮನೆಯ ಫ್ರಿಜ್ಜಿನ ಒಳಗೆ ಸಾಮಾನ್ಯವಾಗಿ 4ರಿಂದ 5 ಡಿಗ್ರಿ ಇರುತ್ತದೆ. ಸಾವಿನ್ಯೋ ಬ್ಲಾಂನಂಥ ಹಗುರ ಬಿಳಿ ವೈನಿಗೆ 8ರಿಂದ 10 ಡಿಗ್ರಿ ಹಿತ. ಅದಕ್ಕಿಂತ ತಣ್ಣಗಿದ್ದರೆ ಘಮದ ಅಣುಗಳು ದ್ರವದಿಂದ ಮೇಲೇಳುವುದೇ ಕಡಿಮೆ. ನಿಮಗೆ ಮೊದಲ ಗುಟುಕಿನಲ್ಲಿ ಘಮ ಸಿಗದಿರಲು ಇದೇ ಕಾರಣವಿರಬೇಕು. ಆಮೇಲೆ 31–32 ಡಿಗ್ರಿಯ ಕೋಣೆಯಲ್ಲಿ ತೆಳು ಗಾಜಿನ ಲೋಟ ಬೇಗ ಬಿಸಿಯೇರುತ್ತದೆ. ಬಿಸಿಯೇರಿದಂತೆ ಹುಳಿಯ ಚುರುಕು ಕುಂದಿ, ಮದ್ಯಸಾರವೂ ಸಿಹಿಯ ಭಾವವೂ ಮುಂದೆ ಬರುತ್ತವೆ. ಅಂದರೆ ನೀವು ಏಪ್ರಿಲ್‌ನಲ್ಲಿ ಆ ವೈನನ್ನು ಒಮ್ಮೆ ಅತಿ ತಣ್ಣಗೆ, ಇನ್ನೊಮ್ಮೆ ಅತಿ ಬೆಚ್ಚಗೆ ಕುಡಿದಿದ್ದೀರಿ; ಅದು ಸರಿಯಾದ ಉಷ್ಣತೆಯಲ್ಲಿದ್ದ ಕೆಲವು ನಿಮಿಷಗಳು ನಡುವೆಲ್ಲೋ ಕಳೆದುಹೋಗಿವೆ.

ಕೆಂಪು ವೈನಿನ ವಿಷಯದಲ್ಲಿ “ಕೋಣೆಯ ಉಷ್ಣತೆಯಲ್ಲಿ ಕುಡಿಯಬೇಕು” ಎಂಬ ಹಳೆಯ ಸಲಹೆಯನ್ನು ನಮ್ಮಲ್ಲಿ ಅನೇಕರು ಅಕ್ಷರಶಃ ಪಾಲಿಸುತ್ತಾರೆ. ಅದು ಯುರೋಪಿನ ಚಳಿಸೀಮೆಯ ಮನೆಗಳನ್ನು ಕುರಿತು ಹುಟ್ಟಿದ ಸಲಹೆ. ಅಲ್ಲಿನ ಕೋಣೆ ಎಂದರೆ 16ರಿಂದ 18 ಡಿಗ್ರಿ. ಬೆಂಗಳೂರಿನಲ್ಲಿ 2016ರ ಏಪ್ರಿಲ್‌ನಲ್ಲಿ 39.2 ಡಿಗ್ರಿ, 2024ರ ಏಪ್ರಿಲ್ ಕೊನೆಯಲ್ಲಿ 38.5 ಡಿಗ್ರಿ ದಾಖಲಾಗಿದೆ. ಇಂಥ ಹಗಲಿನ ನಂತರ ಮೇಲ್ಮಹಡಿಯ ಗೋಡೆಗಳು ರಾತ್ರಿಯೂ ಕಾವು ಬಿಡುತ್ತಿರುತ್ತವೆ. ಆ ಕೋಣೆಯ ಕಪಾಟಿನಿಂದ ತೆಗೆದ ಕೆಂಪು ವೈನು ಮೂಗಿಗೆ ಘಾಟು ಹೊಡೆಯುವುದರಲ್ಲಿ ಆಶ್ಚರ್ಯವಿಲ್ಲ. ಬೇಸಿಗೆಯಲ್ಲಿ ಕೆಂಪು ವೈನನ್ನೂ ಅರ್ಧ ಗಂಟೆಯಾದರೂ ಫ್ರಿಜ್ಜಿನಲ್ಲಿಟ್ಟು ತೆಗೆಯಿರಿ. ಇದರಲ್ಲಿ ಸಂಕೋಚ ಬೇಡ.

ನಿಮ್ಮ ಬರಹದ ಒಂದು ಸಂಗತಿ ಮಾತ್ರ ಈ ಲೆಕ್ಕಕ್ಕೆ ಹೊಂದುವುದಿಲ್ಲ. ಒಗರು ಮತ್ತು ಕಹಿ ತಣ್ಣಗಿದ್ದಾಗ ಹೆಚ್ಚು ಎದ್ದು ಕಾಣುತ್ತವೆ, ಬೆಚ್ಚಗಾದಂತೆ ಮೆತ್ತಗಾಗುತ್ತವೆ. ಬೆಚ್ಚಗಿನ ವೈನು ಏಪ್ರಿಲ್‌ನಲ್ಲಿ ಹೆಚ್ಚು ಒಗರಾಗಿದ್ದರೆ ಕಾರಣವನ್ನು ಬಾಯಿಯಲ್ಲಿ ಹುಡುಕಬೇಕು. ದ್ರಾಕ್ಷಿಯ ಸಿಪ್ಪೆ ಮತ್ತು ಬೀಜದಿಂದ ಬರುವ ಟ್ಯಾನಿನ್ ನಮ್ಮ ಎಂಜಲಿನ ಪ್ರೋಟೀನುಗಳನ್ನು ಹಿಡಿದುಕೊಂಡು ಬಾಯಿಯ ನುಣುಪನ್ನು ಕಳೆಯುತ್ತದೆ. ಅದನ್ನೇ ನಾವು ಒಗರು ಎಂದು ಅನುಭವಿಸುವುದು. ದಿನವೆಲ್ಲ ಬಿಸಿಲಿನಲ್ಲಿ ಓಡಾಡಿ, ನೀರು ಸಾಲದೆ, ಬಾಯಿ ಒಣಗಿದ ಹೊತ್ತಿನಲ್ಲಿ ಕುಡಿದರೆ ಆ ನುಣುಪು ಮೊದಲೇ ಕಡಿಮೆ ಇರುತ್ತದೆ. ರುಚಿ ನೋಡುವ ಒಂದು ಗಂಟೆ ಮೊದಲು ಚೆನ್ನಾಗಿ ನೀರು ಕುಡಿಯಿರಿ, ಕುಡಿದದ್ದನ್ನು ಬರೆದುಕೊಳ್ಳಿ. ಜೊತೆಗೆ ಏನು ತಿಂದಿರಿ ಎಂಬುದನ್ನೂ ತಿಳಿಸಿ. ಹಸಿಮೆಣಸಿನ ಖಾರಕ್ಕೂ ಮದ್ಯಸಾರದ ಉರಿಗೂ ಬಲವಾದ ನಂಟಿದೆ.

ತಪ್ಪಲಿನ ಬಳ್ಳಿ

ನಾನು ದೊಡ್ಡಬಳ್ಳಾಪುರದ ಕಡೆ ದ್ರಾಕ್ಷಿ ಬೆಳೆಯುವವನು. ಲೋಟದ ಕಥೆಯನ್ನು ಮೈಸೂರಿನವರು ಸರಿಯಾಗಿ ಹೇಳಿದ್ದಾರೆ. ತೋಟದ ಬೇಸಿಗೆಯ ಬಗ್ಗೆ ನಾಲ್ಕು ಮಾತು ಸೇರಿಸುತ್ತೇನೆ, ಏಕೆಂದರೆ ನಿಮ್ಮ ಬಿಳಿ ವೈನಿನ ಆ ಚಕ್ಕೋತದ ಹುಳಿ ಬರುವುದು ಅಲ್ಲಿಂದ.

ಯುರೋಪಿನಲ್ಲಿ ಬಳ್ಳಿ ಚಳಿಗಾಲದಲ್ಲಿ ಮಲಗಿ, ವಸಂತದಲ್ಲಿ ಚಿಗುರಿ, ಬೇಸಿಗೆಯ ಕೊನೆಯಲ್ಲಿ ಹಣ್ಣು ಕೊಡುತ್ತದೆ. ನಮ್ಮಲ್ಲಿ ಬಳ್ಳಿ ತಾನಾಗಿ ಮಲಗುವುದೇ ಇಲ್ಲವಾದ್ದರಿಂದ ವರ್ಷಕ್ಕೆ ಎರಡು ಸಲ ಚಾಟನಿ ಮಾಡುತ್ತೇವೆ, ಅಂದರೆ ಕಡ್ಡಿಗಳನ್ನು ಕತ್ತರಿಸುತ್ತೇವೆ. ಏಪ್ರಿಲ್ ಸುಮಾರಿಗೆ ಮಾಡುವ ಚಾಟನಿ ಹೊಸ ಕಡ್ಡಿಗಳನ್ನು ಬೆಳೆಸಿಕೊಳ್ಳಲು; ಸೆಪ್ಟೆಂಬರ್ ಸುಮಾರಿಗೆ ಮಾಡುವುದು ಹಣ್ಣಿಗಾಗಿ. ವೈನ್ ದ್ರಾಕ್ಷಿಯ ಕೊಯ್ಲು ಬೇಸಿಗೆ ಬಲಿಯುವ ಮೊದಲೇ, ಫೆಬ್ರವರಿ–ಮಾರ್ಚ್ ಹೊತ್ತಿಗೆ ಬಹುಪಾಲು ಮುಗಿಯುತ್ತದೆ. ಹಣ್ಣು ಮಾಗುವಾಗ ಅದರಲ್ಲಿರುವ, ಹುಳಿ ಕೊಡುವ ಮ್ಯಾಲಿಕ್ ಆಮ್ಲ ಬಿಸಿಯಲ್ಲಿ ಬೇಗ ಕರಗಿಹೋಗುತ್ತದೆ, ತಂಪು ರಾತ್ರಿಯಲ್ಲಿ ಉಳಿಯುತ್ತದೆ. ಸಮುದ್ರಮಟ್ಟದಿಂದ 900 ಮೀಟರಿನಷ್ಟು ಎತ್ತರದಲ್ಲಿರುವ ನಮ್ಮ ನೆಲದಲ್ಲಿ ಜನವರಿ, ಫೆಬ್ರವರಿಯ ರಾತ್ರಿಗಳು ತಂಪಾಗಿರುವುದೇ ದೊಡ್ಡ ಭಾಗ್ಯ. 1980ರ ದಶಕದ ಕೊನೆಯಲ್ಲಿ ವೈನ್ ಉದ್ಯಮಿ ಕನ್ವಲ್ ಗ್ರೋವರ್ ಅವರು ಫ್ರೆಂಚ್ ತಳಿಗಳಿಗೆಂದು ಇದೇ ಸೀಮೆಯನ್ನು ಆರಿಸಿದ್ದರ ಹಿಂದೆ ಈ ಹವೆಯ ಲೆಕ್ಕವಿತ್ತು.

ಹಾಗಾದರೆ ಏಪ್ರಿಲ್‌ನ ಬಿಸಿಲು ದಂಡವೇ? ಖಂಡಿತ ಅಲ್ಲ. ಏಪ್ರಿಲ್ ಚಾಟನಿಯ ನಂತರ ಬರುವ ಕಡ್ಡಿಗಳ ಕಣ್ಣುಗಳಲ್ಲಿ ಮುಂದಿನ ಬೆಳೆಯ ಗೊಂಚಲು ರೂಪುಗೊಳ್ಳಲು ಒಳ್ಳೆಯ ಬೆಳಕು ಬೇಕು. ಆ ವಾರಗಳಲ್ಲಿ ಮೋಡ ಕವಿದುಕೊಂಡೇ ಇದ್ದರೆ ಕಣ್ಣುಗಳು ಬಂಜೆಯಾಗುತ್ತವೆ, ಸೆಪ್ಟೆಂಬರ್‌ನಲ್ಲಿ ಬಳ್ಳಿ ಬರೀ ಎಲೆ ಬಿಡುತ್ತದೆ. “ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ” ಎಂಬ ಹಿರಿಯರ ಮಾತನ್ನು ರಾಗಿ, ಜೋಳದವರು ಸಂತೋಷದಿಂದ ಹೇಳುತ್ತಾರೆ. ದ್ರಾಕ್ಷಿಯವರು ಮಳೆ ಸುರಿದು ಬೇಗ ಬಿಸಿಲು ಮರಳಲಿ ಎಂದು ಬಯಸುತ್ತಾರೆ.

ಇಲ್ಲಿ ಹೇಳಿದ್ದು ಫ್ರೆಂಚ್ ತಳಿಗಳ ಮಾತು. 2013ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ನಮ್ಮ ಬೆಂಗಳೂರು ಬ್ಲೂ ದ್ರಾಕ್ಷಿ ವರ್ಷಕ್ಕೆ ಎರಡು ಬೆಳೆ ಕೊಡುತ್ತದೆ. ಅದರ ಸಿಹಿ ವೈನನ್ನು ಚೆನ್ನಾಗಿ ತಣ್ಣಗೆ ಮಾಡಿ ಕುಡಿದು ಅದಕ್ಕೂ ಒಂದು ಪುಟ ಮೀಸಲಿಡಿ ಎಂದು ನನ್ನ ಒತ್ತಾಯ. ಆ ಗಾಢ ಘಮವನ್ನು ಕೀಳೆಂದು ಕಾಣುವವರನ್ನು ನಾನು ಒಪ್ಪುವುದಿಲ್ಲ.

ಕಡಲ ಗಾಳಿ

ಮಂಗಳೂರಿನಿಂದ ಬರೆಯುತ್ತಿದ್ದೇನೆ. ಉಷ್ಣತೆಯ ಜೊತೆಗೆ ಗಾಳಿಯ ತೇವವನ್ನೂ ಬರೆದಿಡಬೇಕೆಂದು ನನ್ನ ಸಲಹೆ. ನಮ್ಮಲ್ಲಿ ಉಷ್ಣಮಾಪಕ ಬೆಂಗಳೂರಿಗಿಂತ ಕಡಿಮೆ ತೋರಿಸುವ ದಿನವೂ ಲೋಟದ ವೈನು ಬೇಗ ಬಿಸಿಯೇರುತ್ತದೆ. ತಣ್ಣನೆಯ ಲೋಟದ ಹೊರಮೈಯಲ್ಲಿ ಗಾಳಿಯ ತೇವ ಹನಿಗಟ್ಟುವಾಗ ಅದು ತನ್ನೊಳಗಿನ ಶಾಖವನ್ನು ಬಿಟ್ಟುಕೊಡುತ್ತದೆ. ಒಂದು ಗ್ರಾಂ ನೀರು ಹೀಗೆ ಹನಿಗಟ್ಟಿದರೆ ಬಿಡುಗಡೆಯಾಗುವ ಶಾಖ, ಪೂರ್ತಿ ವೈನಿಗೇ ಸೇರಿದ ಪಕ್ಷದಲ್ಲಿ, 150 ಮಿಲಿಲೀಟರ್ ವೈನನ್ನು ಸುಮಾರು 4 ಡಿಗ್ರಿಯಷ್ಟು ಬೆಚ್ಚಗಾಗಿಸಲು ಸಾಕು. ಒಂದಷ್ಟು ಪಾಲು ಗಾಜಿಗೂ ಗಾಳಿಗೂ ಹೋಗುತ್ತದೆ, ನಿಜ. ಆದರೂ ಬೆವರುವ ಲೋಟವೆಂದರೆ ಬಿಸಿಯಾಗುತ್ತಿರುವ ಲೋಟ.

ಆದ್ದರಿಂದ ನಾವು ಒಮ್ಮೆಗೆ ಸ್ವಲ್ಪವೇ ಬಗ್ಗಿಸಿಕೊಳ್ಳುತ್ತೇವೆ, ಲೋಟವನ್ನು ಅದರ ಬಟ್ಟಲಿನ ಕೆಳಗಿನ ಕಡ್ಡಿಯಂಥ ಕಾಲಿನ ಬಳಿ ಹಿಡಿಯುತ್ತೇವೆ, ಬಾಟಲಿಯನ್ನು ನೀರು ಮತ್ತು ಐಸ್ ಎರಡೂ ಇರುವ ಬಕೆಟ್ಟಿನಲ್ಲಿಡುತ್ತೇವೆ. ಬರೀ ಐಸ್ ತುಂಡುಗಳ ನಡುವೆ ಗಾಳಿ ಉಳಿಯುವುದರಿಂದ ಬಾಟಲಿ ನಿಧಾನವಾಗಿ ತಣಿಯುತ್ತದೆ. ನೀರು ಸೇರಿಸಿ ಒಂದು ಹಿಡಿ ಕಲ್ಲುಪ್ಪು ಹಾಕಿದರೆ ಕೆಲಸ ಬೇಗ ಮುಗಿಯುತ್ತದೆ.

ಯಲಹಂಕ ಸಂಜೆ

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಅಂದು ಜೊತೆಗೆ ತಿಂದದ್ದು ಮಾವಿನಕಾಯಿ ಚಿತ್ರಾನ್ನ, ಹಸಿಮೆಣಸು ಧಾರಾಳವಾಗಿಯೇ ಇತ್ತು.

ಇನ್ನೊಂದು ಪ್ರಶ್ನೆ ಉಳಿದಿದೆ. ಕಳೆದ ವಾರ ಅಶ್ವಿನಿ ಮಳೆ ಗುಡುಗಿನೊಂದಿಗೆ ಬಂದ ಸಂಜೆ ಇನ್ನೊಂದು ಕೆಂಪು ವೈನನ್ನು ತೆರೆದೆ. ಅದರಲ್ಲಿ ಸ್ಪಷ್ಟವಾಗಿ ಹಸಿ ಮಣ್ಣಿನ ವಾಸನೆ ಇತ್ತು, ಹಾಗೆಯೇ ಬರೆದೆ. ಆದರೆ ಮನೆಯ ತುಂಬ ಮಣ್ಣಿನ ವಾಸನೆಯೇ ತುಂಬಿದ್ದಾಗ ಲೋಟದ್ದು ಯಾವುದು, ಅಂಗಳದ್ದು ಯಾವುದು ಎಂದು ಬೇರ್ಪಡಿಸುವುದು ಹೇಗೆ?

ಮೈಸೂರು ರಸಾಯನ

ಮೊದಲು ಚಿತ್ರಾನ್ನದ ಮಾತು. ಊಟದಲ್ಲಿ ಹುಳಿ ಹೆಚ್ಚಾದರೆ ವೈನಿನ ಹುಳಿ ನಾಲಿಗೆಗೆ ಕಡಿಮೆಯೆನಿಸುತ್ತದೆ. ನಿಮ್ಮ ಬಿಳಿ ವೈನು ಸಪ್ಪೆಯಾದದ್ದರಲ್ಲಿ ಮಾವಿನಕಾಯಿಯ ಪಾಲೂ ಇದೆ, ಕೆಂಪು ವೈನಿನ ಉರಿಯಲ್ಲಿ ಹಸಿಮೆಣಸಿನ ಪಾಲಿದೆ. ಮೊದಲು ಬರೆದು ಆಮೇಲೆ ಊಟಕ್ಕೆ ಕೂತರೆ ಎರಡೂ ಬೇರೆಯಾಗಿ ಉಳಿಯುತ್ತವೆ.

ಮಣ್ಣಿನ ವಾಸನೆಯ ಪ್ರಶ್ನೆ ಬಹಳ ಸೊಗಸಾದದ್ದು. ಮೊದಲ ಮಳೆಯ ಆ ವಾಸನೆಗೆ ಮುಖ್ಯ ಕಾರಣ ಜಿಯೋಸ್ಮಿನ್ ಎಂಬ ವಸ್ತು. ಮಣ್ಣಿನಲ್ಲಿರುವ ಸೂಕ್ಷ್ಮಜೀವಿಗಳು ಅದನ್ನು ತಯಾರಿಸುತ್ತವೆ. ಬೀಟ್‌ರೂಟಿನ ಮಣ್ಣುವಾಸನೆಯೂ ಅದರದೇ. ಇದೇ ಜಿಯೋಸ್ಮಿನ್ ಕೆಲವೊಮ್ಮೆ ವೈನಿನಲ್ಲೂ ಇರುತ್ತದೆ. ಕೊಯ್ಲಿನ ಹೊತ್ತಿಗೆ ಗೊಂಚಲಿಗೆ ಬೂಷ್ಟು ಹಿಡಿದಿದ್ದರೆ ಅದು ಹಣ್ಣಿನಿಂದಲೇ ರಸಕ್ಕೆ ಇಳಿಯುತ್ತದೆ, ಅಲ್ಲಿ ಅದನ್ನು ದೋಷವೆಂದು ಎಣಿಸುತ್ತಾರೆ. ಮನುಷ್ಯನ ಮೂಗು ಅದನ್ನು ಅತಿ ಸ್ವಲ್ಪ ಪ್ರಮಾಣದಲ್ಲಿದ್ದರೂ ಗುರುತಿಸಬಲ್ಲದು. ಹಾಗಾಗಿ ನೀವು ಹಿಡಿದದ್ದು ಎರಡರಲ್ಲಿ ಯಾವುದೂ ಆಗಿರಬಹುದು.

ಪರೀಕ್ಷೆ ಸುಲಭ. ಮಳೆಯ ಸಂಜೆ ತೆರೆದ ಬಾಟಲಿಯಿಂದ ಸ್ವಲ್ಪವನ್ನು ಚಿಕ್ಕ ಶೀಶೆಗೆ ಬಾಯಿಮಟ್ಟ ತುಂಬಿ, ಬಿಗಿಯಾಗಿ ಮುಚ್ಚಿ ಫ್ರಿಜ್ಜಿನಲ್ಲಿಡಿ. ಮಾರನೆಯ ದಿನ ಅಂಗಳ ಒಣಗಿದ ಮೇಲೆ, ಅದನ್ನು 16 ಡಿಗ್ರಿಯ ಸುಮಾರಿಗೆ ತಂದು ಮೂಸಿ ನೋಡಿ. ಮಣ್ಣು ಇನ್ನೂ ಇದ್ದರೆ ಅದು ವೈನಿನದು. ಇಲ್ಲವಾದರೆ “ಮಳೆಯ ಸಂಜೆಯ ವಾಸನೆ” ಎಂದು ಬರೆದು ಹಾಗೆಯೇ ಉಳಿಸಿಕೊಳ್ಳಿ, ಅಳಿಸಬೇಡಿ. ಮುಂದೆಂದಾದರೂ ಓದುವಾಗ ಆ ಸಾಲು ಹಣ್ಣಿನ ಹೆಸರುಗಳಷ್ಟೇ ಬೆಲೆಬಾಳುತ್ತದೆ.

ಕಲಬುರಗಿ ಕಪಾಟು

ತಡವಾಗಿ ಬಂದೆ. ಯಾರೂ ಮುಟ್ಟದ ಒಂದು ಭಾಗವಿದೆ: ಬಾಟಲಿ ಲೋಟಕ್ಕೆ ಬರುವ ಮುನ್ನ ಎಷ್ಟು ಬಿಸಿಲು ಕಂಡಿದೆ ಎಂಬುದು. ನಮ್ಮೂರಲ್ಲಿ ಮೇ ತಿಂಗಳ ಮಧ್ಯಾಹ್ನ 42 ಡಿಗ್ರಿ ಹೊಸದೇನಲ್ಲ, ಆದ್ದರಿಂದ ಈ ವಿಷಯ ನಮಗೆ ಬೇಗ ಅರಿವಾಗುತ್ತದೆ.

ಕುಡಿಯುವ ಹೊತ್ತಿಗೆ ಬೆಚ್ಚಗಾದ ವೈನನ್ನು ತಣಿಸಿದರೆ ಅದು ಬಹುಮಟ್ಟಿಗೆ ಸರಿಹೋಗುತ್ತದೆ. ದಿನಗಟ್ಟಲೆ ಬಿಸಿಯಲ್ಲಿ ಬೆಂದ ವೈನು ಏನು ಮಾಡಿದರೂ ಮರಳುವುದಿಲ್ಲ. ಸಂಗ್ರಹಕ್ಕೆ 12ರಿಂದ 15 ಡಿಗ್ರಿ ಒಳ್ಳೆಯದು. 30 ಡಿಗ್ರಿಯ ಮೇಲೆ ವಾರಗಟ್ಟಲೆ ಇದ್ದರೆ ಹಣ್ಣಿನ ತಾಜಾತನ ಹೋಗಿ ಬೇಯಿಸಿದ ಹಣ್ಣಿನ, ಜಾಮಿನ ವಾಸನೆ ಬರುತ್ತದೆ. ಬಿಳಿ ವೈನಿನ ಬಣ್ಣ ಕಂದಿನತ್ತ ತಿರುಗುತ್ತದೆ. ಬಿಸಿಗೆ ದ್ರವ ಹಿಗ್ಗಿ ಕಾರ್ಕನ್ನು ಮೇಲೆ ತಳ್ಳುವುದೂ ಉಂಟು. ನಿಮ್ಮ ಜನವರಿಯ ಪೆಟ್ಟಿಗೆ ಏಪ್ರಿಲ್‌ವರೆಗೆ ಎಲ್ಲಿತ್ತು ಎಂದು ನೀವು ಹೇಳಿಲ್ಲ. ಅಟ್ಟದ ಮೇಲೆ, ಒಲೆಯ ಪಕ್ಕ ಅಥವಾ ಪಶ್ಚಿಮದ ಗೋಡೆಗೆ ತಾಗಿ ಇದ್ದಿದ್ದರೆ ಅದನ್ನೂ ಕಾರಣಗಳಲ್ಲಿ ಸೇರಿಸಿ. ಮನೆಯಲ್ಲಿ ವೈನಿಗೆಂದೇ ತಂಪು ಪೆಟ್ಟಿಗೆ ಇಲ್ಲದವರು ಬೇಸಿಗೆಯ ಮಟ್ಟಿಗೆ ಬಾಟಲಿಗಳನ್ನು ಫ್ರಿಜ್ಜಿನ ತಳದ ಅರೆಯಲ್ಲಿ ಮಲಗಿಸಿಡುವುದೇ ಕ್ಷೇಮ. ಎರಡು ಮೂರು ತಿಂಗಳಿಗೆ ಅದರಿಂದ ತೊಂದರೆಯಿಲ್ಲ.

ಬೇಸಿಗೆಯಲ್ಲಿ ಕೊಳ್ಳುವಾಗ ಅಂಗಡಿಯ ಕಿಟಕಿಯ ಬಿಸಿಲಿಗೆ ನಿಲ್ಲಿಸಿದ ಬಾಟಲಿಯನ್ನು ಬಿಟ್ಟುಬಿಡಿ. ಕತ್ತಿನ ಹೊದಿಕೆಯ ಕೆಳಗೆ ಅಂಟು ಜಿನುಗಿದ ಗೆರೆ ಇದೆಯೇ, ಕಾರ್ಕು ಬಾಯಿಮಟ್ಟದಿಂದ ಉಬ್ಬಿದೆಯೇ ಎಂದು ಬೆರಳಾಡಿಸಿ ನೋಡಿ. ತಿರುಗುಮುಚ್ಚಳದ ಬಾಟಲಿಯಲ್ಲಿ ಈ ಗುರುತುಗಳು ಕಾಣುವುದಿಲ್ಲವಾದ್ದರಿಂದ ಬಾಟಲಿಗೆ ತುಂಬಿದ ತಿಂಗಳು ಇತ್ತೀಚಿನದಾಗಿರುವುದನ್ನೇ ಆರಿಸಿಕೊಳ್ಳಿ, ಮತ್ತು ಬಿಸಿಲಿಳಿದ ಮೇಲೆ ಕೊಂಡು ನೇರವಾಗಿ ಮನೆಗೆ ಒಯ್ಯಿರಿ. ನಿಲ್ಲಿಸಿದ ಕಾರಿನ ಒಳಗೆ ಮಧ್ಯಾಹ್ನದಲ್ಲಿ ಹೊರಗಿಗಿಂತ ಎಷ್ಟೋ ಹೆಚ್ಚು ಕಾವು ಇರುತ್ತದೆ. ಕೊಂಡ ದಿನಾಂಕ, ಅಂಗಡಿ ತಂಪಾಗಿತ್ತೋ ಇಲ್ಲವೋ, ಮನೆಯಲ್ಲಿ ಎಲ್ಲಿಟ್ಟಿರಿ ಎಂಬುದನ್ನು ಬಾಟಲಿಯ ಮೇಲೇ ಒಂದು ಚೀಟಿಯಲ್ಲಿ ಬರೆದು ಅಂಟಿಸಿ. ತೆರೆಯುವ ದಿನ ಆ ಚೀಟಿ ಹಾಗೆಯೇ ಪುಸ್ತಕಕ್ಕೆ ಹೋಗಲಿ.