ಅಪ್ಪನಿಗೆ ಸಿಒಪಿಡಿ, ಅಜ್ಜನಿಗೂ ದಮ್ಮು ಇತ್ತು. ಇದು ರಕ್ತದಲ್ಲೇ ಬರುತ್ತಾ?

ತೆಂಗಿನತೋಟ:
ಅಪ್ಪನಿಗೆ 52. ಹೋದ ತಿಂಗಳು ಮೆಷಿನ್‌ಗೆ ಊದಿಸಿ ಸಿಒಪಿಡಿ ಅಂದರು, ಉಸಿರಿನ ದಾರಿ ಕಿರಿದಾಗುವ, ಪೂರ್ತಿ ವಾಸಿಯಾಗದ ಶ್ವಾಸಕೋಶದ ಕಾಯಿಲೆಯಂತೆ. ಬಚ್ಚಲುಮನೆಯಿಂದ ನಡುಮನೆಗೆ ಬರುವಷ್ಟರಲ್ಲಿ ಬಾಗಿಲ ಚೌಕಟ್ಟು ಹಿಡಿದು ನಿಲ್ಲುತ್ತಾರೆ, ಸೀಟಿ ಹೊಡೆಯುವವರ ಹಾಗೆ ತುಟಿ ಮಾಡಿ ಮೆಲ್ಲಗೆ ಉಸಿರು ಬಿಡುತ್ತಾರೆ, ಆಮೇಲೆ ಮುಂದಿನ ಹೆಜ್ಜೆ. ನೋಡೋಕೆ ಆಗಲ್ಲ. ದೊಡ್ಡಪ್ಪ ಅಪ್ಪನಿಗಿಂತ ಜಾಸ್ತಿ ಬೀಡಿ ಸೇದಿದವರು, 68 ಆದರೂ ದಿನಾ ತೋಟಕ್ಕೆ ಹೋಗಿ ಬರುತ್ತಾರೆ. ಇಬ್ಬರೂ ಒಂದೇ ತಾಯಿ ಮಕ್ಕಳು, ಹಾಗಾದರೆ ಅಪ್ಪನಿಗೆ ಮಾತ್ರ ಯಾಕೆ? ಅಜ್ಜನೂ ದಮ್ಮು ಕಟ್ಟಿಯೇ ಹೋಗಿದ್ದು. ತಮ್ಮನಿಗೆ 24, ದಿನಕ್ಕೆ ಐದಾರು ಸಿಗರೇಟು. ಅವನದೇ ಚಿಂತೆ ನನಗೆ.

ಎದೆಗೂಡು ಡಾಕ್ಟರ್:
ಬರುತ್ತದೆ, ಆದರೆ ಸಕ್ಕರೆ ಕಾಯಿಲೆ ಬರುವ ಹಾಗೆ, ಕಾಯಿಲೆಗೆ ಒಳಗಾಗುವ ಗುಣ ಬರುತ್ತದೆ. ಅಣ್ಣ ತಮ್ಮ ಆದರೂ ಅಪ್ಪ ಅಮ್ಮನಿಂದ ಪಡೆದ ಜೀನ್‌ಗಳು ಪೂರ್ತಿ ಒಂದೇ ಇರಲ್ಲ ಅಲ್ವಾ. 2019ರಲ್ಲಿ ಬಂದ ಒಂದು ದೊಡ್ಡ ಅಧ್ಯಯನ ಸಿಒಪಿಡಿಗೆ ನಂಟಿರುವ 82 ಜಾಗಗಳನ್ನು ನಮ್ಮ ಜೀನ್‌ಗಳಲ್ಲಿ ಗುರುತಿಸಿತು. ಒಂದೊಂದರ ಪಾಲು ಚಿಕ್ಕದು. 15ನೇ ಕ್ರೋಮೋಸೋಮಿನಲ್ಲಿ ಇರುವ ಒಂದು ಜಾಗ ಜೀವಕೋಶದ ಮೇಲೆ ನಿಕೋಟಿನ್ ಹಿಡಿದುಕೊಳ್ಳುವ ಕೊಂಡಿಯದು (ರಿಸೆಪ್ಟರ್), ಅದು ಬೇರೆ ಥರ ಇದ್ದವರಿಗೆ ಸೇದುವ ಚಟವೇ ಹೆಚ್ಚು.

ಒಂದೇ ಜೀನ್‌ನಿಂದ ದೊಡ್ಡ ಹೊಡೆತ ಬೀಳುವುದು ಆಲ್ಫಾ-1 ಆಂಟಿಟ್ರಿಪ್ಸಿನ್ ಕೊರತೆಯಲ್ಲಿ. ಇದು ಲಿವರ್ ತಯಾರಿಸುವ ಪ್ರೋಟೀನ್. ಸೋಂಕು, ಹೊಗೆ ಬಂದಾಗ ಬಿಳಿ ರಕ್ತಕಣಗಳು ಎಲಾಸ್ಟೇಸ್ ಎಂಬ ಕಿಣ್ವ ಬಿಡುತ್ತವೆ, ಅದು ಕೆಲಸ ಮುಗಿಸಿ ಶ್ವಾಸಕೋಶದ ಗೋಡೆಯನ್ನೂ ತಿನ್ನಲು ಹೋದಾಗ ತಡೆಯುವುದು ಈ ಪ್ರೋಟೀನ್. ಈ ಜೀನ್‌ನ ಝಡ್ ಎಂಬ ದೋಷ ಅಪ್ಪ ಅಮ್ಮ ಎರಡೂ ಕಡೆಯಿಂದ ಬಂದರೆ ಪ್ರೋಟೀನ್ ಲಿವರ್‌ನಲ್ಲೇ ಗಂಟುಕಟ್ಟಿ ಕೂರುತ್ತದೆ, ರಕ್ತಕ್ಕೆ ಬರುವುದು ತುಂಬಾ ಕಡಿಮೆ. ನಮ್ಮ ಕಡೆ ಝಡ್ ಅಪರೂಪ, ಉತ್ತರ ಯುರೋಪಿನಲ್ಲಿ ಜಾಸ್ತಿ. ಆದರೂ ಸಿಒಪಿಡಿ ಇರುವವರೆಲ್ಲ ಈ ಕೊರತೆಯ ರಕ್ತ ಪರೀಕ್ಷೆ ಒಮ್ಮೆ ಮಾಡಿಸಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ, ಇಷ್ಟು ಚಿಕ್ಕ ವಯಸ್ಸಿನವರಿಗೆ ನಾನು ಖಂಡಿತ ಬರೆಯುತ್ತೇನೆ. ಜ್ವರ, ಕಫ ಇರುವಾಗ ಬೇಡ, ಆಗ ಈ ಪ್ರೋಟೀನ್‌ನ ಮಟ್ಟ ಏರಿ ಸರಿ ಇದೆ ಅನ್ನಿಸಬಹುದು.

ಮಾಲ್ಮೋ ಅಕ್ಕ:
ಇದು ನಮ್ಮ ಮನೆಯ ವಿಷಯ. ನಾನು ಧಾರವಾಡದವಳು, ಗಂಡ ಸ್ವೀಡನ್‌ನವರು, ಅವರಿಗೆ ಎರಡೂ ಕಡೆಯಿಂದ ಝಡ್ ಬಂದಿದೆ. ಈ ಕೊರತೆ ಪತ್ತೆಯಾಗಿದ್ದೂ ಸ್ವೀಡನ್‌ನ ಇದೇ ಮಾಲ್ಮೋ ಊರಿನಲ್ಲಿ, 1963ರಲ್ಲಿ. ಲೌರೆಲ್ ಮತ್ತು ಎರಿಕ್ಸನ್ ಎಂಬ ಸಂಶೋಧಕರು ಸುಮಾರು 1,500 ಜನರ ರಕ್ತದ ಪ್ರೋಟೀನ್‌ಗಳನ್ನು ಗೆರೆಗಳಾಗಿ ಬೇರ್ಪಡಿಸಿದ ಪಟ್ಟಿಗಳನ್ನು ನೋಡುವಾಗ ಐದು ಪಟ್ಟಿಯಲ್ಲಿ ಈ ಪ್ರೋಟೀನ್‌ನ ಗೆರೆಯೇ ಇರಲಿಲ್ಲ. ಆ ಐವರಲ್ಲಿ ಮೂವರಿಗೆ ಚಿಕ್ಕ ವಯಸ್ಸಿಗೇ ಶ್ವಾಸಕೋಶ ಹಾಳಾಗಿತ್ತು.

ನಿಮ್ಮ ತಮ್ಮನಿಗೆ ಇದನ್ನು ಓದಿಸಿ. 1972–74ರಲ್ಲಿ ಇಲ್ಲಿ ಸ್ವೀಡನ್‌ನಲ್ಲಿ 2 ಲಕ್ಷ ಹಸುಗೂಸುಗಳ ರಕ್ತ ನೋಡಿ ಎರಡೂ ಝಡ್ ಇದ್ದ 120ಕ್ಕೂ ಹೆಚ್ಚು ಮಕ್ಕಳನ್ನು ಗುರುತಿಸಿದರು. ಹೊಗೆಯಿಂದ ದೂರ ಇರಿ ಅಂತ ಮನೆಯವರಿಗೆ ತಿಳಿಸಿದ್ದರು. 30 ದಾಟುವ ಹೊತ್ತಿಗೂ ಅವರಲ್ಲಿ ಹೆಚ್ಚಿನವರ ಉಸಿರಾಟ ಸಹಜವಾಗಿತ್ತು. ನನ್ನ ಗಂಡನಿಗೂ ಚಿಕ್ಕಂದಿನಲ್ಲೇ ಗೊತ್ತಾಗಿತ್ತು, ಒಂದು ದಿನ ಸೇದಿಲ್ಲ. 47ಕ್ಕೂ ಸೈಕಲ್‌ನಲ್ಲೇ ಕೆಲಸಕ್ಕೆ. ಮಗಳಿಗೆ ಒಂದು ಝಡ್ ಇದೆ, ಅವಳಿಗೂ ಸಿಗರೇಟಿನ ಮಾತು ಈಗಲೇ ಹೇಳುತ್ತಿದ್ದೇವೆ.

ಮಲೆನಾಡು ಮಳೆ:
ಜೀನ್ ಒಂದೇ ಹುಡುಕಬೇಡಿ. ಒಂದೇ ಮನೆ ಅಂದರೆ ಒಂದೇ ಒಲೆ ಕೂಡ. ನನ್ನ ಅಮ್ಮ ಬೀಡಿ ಮುಟ್ಟಿದವರಲ್ಲ, 30 ವರ್ಷ ಸೌದೆ ಒಲೆ ಊದಿದರು, ಈಗ ದಿನಕ್ಕೆರಡು ಹೊತ್ತು ಔಷಧಿ ಎಳೆದುಕೊಳ್ಳುವ ಪಂಪ್ ತಗೋತಾರೆ. ಅಜ್ಜನ ಕಾಲದಲ್ಲಿ ನಿಮ್ಮ ಅಡುಗೆಮನೆಗೆ ಕಿಟಕಿ ಇತ್ತಾ?

ತೆಂಗಿನತೋಟ:
ಇರಲಿಲ್ಲ. ಹಂಚಿನ ಸಂದಿಯಲ್ಲಿ ಹೊಗೆ ಹೋಗಬೇಕಿತ್ತು. ಅಪ್ಪ ಹುಟ್ಟಿ ಬೆಳೆದಿದ್ದು ಅಲ್ಲೇ. ದೊಡ್ಡಪ್ಪ ಹತ್ತನೇ ವಯಸ್ಸಿಗೇ ಹಾಸ್ಟೆಲ್ ಸೇರಿದ್ದರು, ಇದು ಈಗ ನೆನಪಾಯಿತು. ಅಪ್ಪನ ಕಫ ಕಡಿಮೆ ಆದಮೇಲೆ ಪರೀಕ್ಷೆ ಮಾಡಿಸ್ತೀನಿ ಡಾಕ್ಟ್ರೇ. ತಮ್ಮನಿಗೂ ಈಗಲೇ ಊದಿಸಬಹುದಾ?

ಎದೆಗೂಡು ಡಾಕ್ಟರ್:
ಊದಿಸಿ. ಸರಿ ಇದೆ ಅಂತ ಬಂದರೆ ಸೇದೋಕೆ ಒಪ್ಪಿಗೆ ಸಿಕ್ಕಿತು ಅಂತ ಅವನು ತಿಳಿಯಬಾರದು, ಅದನ್ನು ಮೊದಲೇ ಹೇಳಿ ಕರೆದುಕೊಂಡು ಹೋಗಿ. ಅಪ್ಪನ ಮಟ್ಟ ಕಡಿಮೆ ಬಂದರೆ ನೀವಿಬ್ಬರೂ ರಕ್ತ ಕೊಡಬೇಕಾಗುತ್ತದೆ, ರಿಪೋರ್ಟ್ ಬಂದಮೇಲೆ ಇಲ್ಲೇ ಬರೆಯಿರಿ.